ಮುಸುರೆಯ ನೀರಿನ ಜಾಡಿನಲ್ಲಿ

ಕಾಶೀ ರಾಮೇಶ್ವರಗಳ ಯಾತ್ರಾವೃತ್ತಾಂತಗಳನ್ನು ವಾಚಕರು ಬೇಕಾದಷ್ಟು ಓದಿರುವರು. ನಾವು ಈಗ ಬರೆಯಹೊರಟಿರುವ ಪ್ರವಾಸವಾದರೋ ಅಡಿಗೆಮನೆಯ ತೊಟ್ಟಿಯಿಂದ ಹೊರಟು, ಒಂದು ಕೆರೆಯ ಕೋಡಿಯನ್ನು ಮುಟ್ಟಿ, ಅಲ್ಲಿಂದ ತುಂಗಾತೀರಕ್ಕೆ ಹೋಗಿ, ಮತ್ತೆ ಅದೇ ತೊಟ್ಟಿಯ ಬಳಿಗೆ ಬಂದು ನಿಂತಂಥದು. ಇದಕ್ಕೆ ಕಾರಣರಾದವರು ನಮ್ಮ ಅಕ್ಕ.

ಅಕ್ಕನಿಗೆ ಈಗ 74 ವರ್ಷ. ಕಣ್ಣಿನ ಪೊರೆಯನ್ನು ತೆಗೆಯಿಸಿಕೊಳ್ಳುವುದಕ್ಕಾಗಿ ತೀರ್ಥಹಳ್ಳಿಯ ಕಡೆಯ ತಮ್ಮ ಹಳ್ಳಿಯಿಂದ ಬೆಂಗಳೂರಿಗೆ ಬಂದು, ವರ್ತೂರಿನ ಸಮೀಪದಲ್ಲಿರುವ ನಮ್ಮ ಮಗನ ಮನೆಯಲ್ಲಿ ಇಳಿದುಕೊಂಡಿದ್ದರು. ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ನಡೆಯಿತು. ಕೆಲವು ದಿನಗಳು ಕಳೆದು ದೃಷ್ಟಿ ತಿಳಿಯಾದ ಮೇಲೆ ಅವರು ಮೊದಲು ದಿಟ್ಟಿಸಿ ನೋಡಿದ್ದು ಗಗನವನ್ನು ಮುಟ್ಟುವ ಮಹಡಿಗಳನ್ನಲ್ಲ, ಪಾತ್ರೆ ತಿಕ್ಕುವುದಕ್ಕೆ ಬರುವ ಹೆಂಗಸಿನ ಕೈಗಳನ್ನು. ಬೆರಳ ತುದಿಗಳು ಬಿಳಿಚಿ ಒಡೆದಿದ್ದುವು; ಸಂದುಗಳು ಕೆಂಪಾಗಿದ್ದುವು. ಆಕೆ ಎರಡು ವರ್ಷದಿಂದ ದಿನವೂ ಆ ಮನೆಗೆ ಬರುತ್ತಿದ್ದಾಳೆ. ನಾವೂ ವರ್ಷಕ್ಕೆ ನಾಲ್ಕಾರು ತಿಂಗಳು ಅಲ್ಲಿಯೇ ಇರುತ್ತೇವೆ. ನಮಗೆ ಮಾತ್ರ ಆ ಕೈಗಳು ಒಮ್ಮೆಯೂ ಕಂಡಿರಲಿಲ್ಲ. ನಮ್ಮ ಕಣ್ಣಿಗೆ ಪೊರೆಯೂ ಬಂದಿರಲಿಲ್ಲ!

ಅಕ್ಕ ಆಮೇಲೆ ತೊಟ್ಟಿಯಲ್ಲಿ ಉಕ್ಕುತ್ತಿದ್ದ ನೊರೆಯನ್ನು ನೋಡಿದರು. "ಇಷ್ಟು ನೊರೆ ಎಲ್ಲಿಗೆ ಹೋಗ್ತದೆಯೇ ತಂಗೀ?" ಎಂದು ನಮ್ಮ ಸೊಸೆಯನ್ನು ಕೇಳಿದರು. ಸೊಸೆ ನಮ್ಮ ಮುಖವನ್ನು ನೋಡಿದಳು. ಮೂವತ್ತಕ್ಕೂ ಹೆಚ್ಚು ವರ್ಷ ಹುಡುಗರಿಗೆ ಸಂಸ್ಕೃತವನ್ನು ಪಾಠ ಹೇಳಿ, ಗಂಗೆಯು ಶಿವನ ಜಟೆಯಿಂದ ಹಿಮಾಲಯಕ್ಕೂ ಹಿಮಾಲಯದಿಂದ ಸಾಗರಕ್ಕೂ ಇಳಿದ ದಾರಿಯನ್ನು ವರ್ಣಿಸಿದವರು ನಾವು. ನಮ್ಮ ಮನೆಯ ಮುಸುರೆಯ ನೀರು ಇಳಿಯುವ ದಾರಿ ನಮಗೆ ತಿಳಿಯದು. ಉತ್ತರ ಕೊಟ್ಟವಳು ಪಾತ್ರೆ ತಿಕ್ಕುತ್ತಿದ್ದಾಕೆಯೇ. "ಇನ್ನೆಲ್ಲಿಗೆ ಹೋಗ್ತದೆ ಅಮ್ಮಾ? ನಮ್ಮ ಮನೆ ಹಿಂದಕ್ಕೆ ಬರ್ತದೆ" ಎಂದು, ತಿಕ್ಕುವುದನ್ನು ನಿಲ್ಲಿಸದೆಯೇ ಹೇಳಿದಳು.

ಮರುದಿನ ಮುಂಜಾನೆ ನಾವು ಕೊಡೆಯನ್ನು ಹಿಡಿದುಕೊಂಡು ಆ ಮಾತಿನ ಬೆನ್ನು ಹತ್ತಿ ಹೊರಟೆವು. ಮನೆಯ ಮುಂದಿನ ಚರಂಡಿ ಎರಡು ಬೀದಿಗಳ ಆಚೆ ಒಂದು ದೊಡ್ಡ ಮೋರಿಗೆ ಸೇರುತ್ತದೆ. ಆ ಮೋರಿ ರಾಜಕಾಲುವೆಗೆ. ಹೆಸರೇನೋ ರಾಜಗಂಭೀರವಾದದ್ದೇ. ಮಳೆಯ ನೀರನ್ನು ಒಂದು ಕೆರೆಯಿಂದ ಇನ್ನೊಂದಕ್ಕೆ ಒಯ್ಯುವುದಕ್ಕಾಗಿ ಹಿಂದಿನವರು ತೋಡಿದ ಕಾಲುವೆಗಳಿವು. ಈಗ ಅದರಲ್ಲಿ ಹರಿಯುತ್ತಿದ್ದುದು ಮಳೆಯ ನೀರಲ್ಲವೆಂಬುದನ್ನು ಮೂಗೇ ಹೇಳಿತು. ಸೇತುವೆಯ ಕೆಳಗೆ ನೀರು ಮೊಳದಷ್ಟು ಎತ್ತರದಿಂದ ಬೀಳುವ ಕಡೆಯಲ್ಲಿ ಬಿಳಿಯ ನೊರೆ ಗುಪ್ಪೆಗಟ್ಟಿ ನಡುಗುತ್ತಿತ್ತು. ಅದರ ದಡದಲ್ಲಿಯೇ ತಗಡಿನ ಸೂರಿನ ಮನೆಗಳ ಸಾಲು. ಆಕೆಯ ಮನೆ ಮೂರನೆಯದೋ ನಾಲ್ಕನೆಯದೋ. ಹಿಂಬಾಗಿಲ ಕಲ್ಲಿನ ಮೇಲೆ ಮಗುವೊಂದು ಕುಳಿತು ಹಲ್ಲುಜ್ಜುತ್ತಿತ್ತು.

ಬೆಳ್ಳಂದೂರಿನ ಕೆರೆ ಸುಮಾರು 900 ಎಕರೆಯಷ್ಟು ವಿಸ್ತಾರವುಳ್ಳದ್ದು. ಬೆಂಗಳೂರಿನ ಕೆರೆಗಳಲ್ಲಿ ಅದೇ ದೊಡ್ಡದು. ಅದು ತುಂಬಿ ಹರಿದ ನೀರು ವರ್ತೂರಿನ ಕೆರೆಗೆ ಬರುತ್ತದೆ. ವರ್ತೂರಿನ ಕೋಡಿಯಿಂದ ಇಳಿದು ದಕ್ಷಿಣಪಿನಾಕಿನಿಯನ್ನು ಸೇರುತ್ತದೆ. 2015ರಲ್ಲಿ ಈ ಕೆರೆಗಳ ಕೋಡಿಯಿಂದ ನೊರೆ ಎದ್ದು, ಗಾಳಿಗೆ ಹಾರಿ ರಸ್ತೆಯ ಮೇಲೆ ಹೋಗುವವರ ಮೈಮೇಲೆ ಬಿದ್ದುದನ್ನು ಪತ್ರಿಕೆಗಳಲ್ಲಿ ಎಲ್ಲರೂ ಓದಿರುವರು. ಬೆಳ್ಳಂದೂರಿನ ಕೆರೆಗೆ 2015ರಲ್ಲಿಯೂ 2017ರಲ್ಲಿಯೂ 2018ರ ಜನವರಿಯಲ್ಲಿಯೂ ಬೆಂಕಿ ಬಿತ್ತು; ಕಡೆಯ ಸಲ ಅದನ್ನು ಆರಿಸುವುದಕ್ಕೆ ಸೈನಿಕರೇ ಬರಬೇಕಾಯಿತು. ನೀರಿಗೆ ಬೆಂಕಿ ಬೀಳುವುದೆಂದರೆ ವಡವಾಗ್ನಿಯ ಕಥೆಯೆಂದು ತಿಳಿದಿದ್ದ ನಮ್ಮಂಥವರಿಗೆ ಅದೊಂದು ಪಾಠವೇ ಸರಿ. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಈ ನೊರೆಯ ಕಾರಣವನ್ನು ಹುಡುಕಿದ್ದಾರೆ. ಬಟ್ಟೆ ಪಾತ್ರೆಗಳನ್ನು ತೊಳೆಯುವ ಮಾರ್ಜಕಗಳ ಅಂಶವು ಶುದ್ಧಿಯಾಗದ ಕೊಳಚೆಯೊಡನೆ ಕೆರೆಗೆ ಬಂದು, ತಳದ ಕೆಸರಿನಲ್ಲಿ ಸೇರಿಕೊಂಡಿರುತ್ತದೆ. ಜೋರಾಗಿ ಮಳೆ ಸುರಿದಾಗ ಕೆಸರು ಕಲಕಿ, ಅದು ಮೇಲೆದ್ದು, ಕೋಡಿಯಲ್ಲಿ ಬೀಳುವಾಗ ಕಡೆದಂತಾಗಿ ನೊರೆಯಾಗುತ್ತದೆ. ಈಚಿನ ವರ್ಷಗಳಲ್ಲಿ ಹೂಳೆತ್ತುವ ಕೆಲಸ ನಡೆದಿದೆ. ನಾವು ಹೋದ ದಿನ ಕೋಡಿಯಲ್ಲಿ ನೊರೆಯ ಬೆಟ್ಟವೇನೂ ಇರಲಿಲ್ಲವೆಂಬುದನ್ನು ಪ್ರಾಮಾಣಿಕವಾಗಿ ಹೇಳಬೇಕು. ಆದರೆ ನೀರು ಅಲ್ಲಿಗೇ ನಿಲ್ಲುವುದಿಲ್ಲವಷ್ಟೆ. ಹೊಸೂರಿನ ಬಳಿಯ ಕೆಲವರಪಳ್ಳಿ ಅಣೆಕಟ್ಟಿನಲ್ಲಿಯೂ, ನಮ್ಮ ರಾಜ್ಯದ ಎಲ್ಲೆಯನ್ನು ದಾಟಿದ ಮೇಲೆ, ಇದೇ ಹೊಳೆಯ ನೀರು ನೊರೆಗಟ್ಟಿದ್ದುಂಟು.

ನಮ್ಮ ವರದಿಯನ್ನು ಅಕ್ಕ ಕೇಳಿ ಬಹಳ ಹೊತ್ತು ಸುಮ್ಮನಿದ್ದರು. "ನಮ್ಮ ಅಂಟುವಾಳವೂ ನೊರೆ ಬರ್ತದಲ್ಲೋ ತಮ್ಮ" ಎಂದರು ಕಡೆಗೆ. ನಾವು ಸಂಸ್ಕೃತದವರಾದುದರಿಂದ ಇದಕ್ಕೆ ಉತ್ತರವನ್ನು ಕೋಶದಲ್ಲಿ ಹುಡುಕಿದೆವು. ಫೇನವೆಂದರೆ ನೊರೆ, ನೊರೆಯುಳ್ಳದ್ದಾದುದರಿಂದ ಅಂಟುವಾಳಕ್ಕೆ ಫೇನಿಲವೆಂದು ಹೆಸರು. ಹೆಸರು ಸಿಕ್ಕಿತು, ಸಮಾಧಾನ ಸಿಕ್ಕಲಿಲ್ಲ. ಅಕ್ಕನನ್ನು ಊರಿಗೆ ಮುಟ್ಟಿಸುವ ಕಾಲವೂ ಬಂದಿತ್ತು. ಅವರೊಡನೆಯೇ ಹೊರಟೆವು.

ರಾತ್ರಿಯ ರೈಲು ಬೆಳಗಿನ ಜಾವ ಶಿವಮೊಗ್ಗದಲ್ಲಿ ಇಳಿಸಿತು. ಅಲ್ಲಿಂದ ತೀರ್ಥಹಳ್ಳಿಗೆ ಬಸ್ಸಿನಲ್ಲಿ 60 ಕಿಲೋಮೀಟರುಗಳಷ್ಟು ದಾರಿ. ಗಾಜನೂರಿನ ಅಣೆಕಟ್ಟು, ಸಕ್ರೆಬೈಲಿನ ಆನೆಗಳ ಬಿಡಾರ, ಹೊಳೆಯ ನಡುವಣ ಮರಗಳಲ್ಲಿ ಹಕ್ಕಿಗಳು ಗೂಡುಕಟ್ಟುವ ಮಂಡಗದ್ದೆ, ಹೀಗೆ ತುಂಗೆಯು ಎಡದಲ್ಲಿ ಕಂಡು ಮರೆಯಾಗುತ್ತ ಜೊತೆಯಲ್ಲಿಯೇ ಬರುತ್ತಾಳೆ. ತೀರ್ಥಹಳ್ಳಿಗೆ ಆ ಹೆಸರು ಬರುವುದಕ್ಕೆ ಕಾರಣವಾದ ಕಥೆಯೂ ತೊಳೆಯುವುದರ ಕಥೆಯೇ ಆಗಿದೆ. ಪರಶುರಾಮನು ತಾಯಿಯ ರಕ್ತ ತಗುಲಿದ ಕೊಡಲಿಯನ್ನು ಎಷ್ಟು ತೀರ್ಥಗಳಲ್ಲಿ ತೊಳೆದರೂ ಎಳ್ಳಿನಷ್ಟು ಕಲೆ ಉಳಿದಿತ್ತಂತೆ. ಅದು ಹೋದುದು ಇಲ್ಲಿ. ಎಳ್ಳಮಾವಾಸ್ಯೆಯಂದು ಸಾವಿರಾರು ಜನರು ಇಲ್ಲಿ ಸ್ನಾನಕ್ಕೆ ಸೇರುವರು. ಅಕ್ಕ ಮೆಟ್ಟಿಲಿಳಿದು ನೀರನ್ನು ತಲೆಗೆ ಪ್ರೋಕ್ಷಿಸಿಕೊಂಡರು. ಬಂಡೆಯ ಸಂದಿನಲ್ಲಿ ಶಾಂಪೂವಿನ ಖಾಲಿ ಪೊಟ್ಟಣಗಳು ಬಣ್ಣಬಣ್ಣವಾಗಿ ಬಿದ್ದಿದ್ದುವು. ನಾವು ಹನ್ನೆರಡನ್ನು ಹೆಕ್ಕಿದೆವು. ಬಸ್ಸಿಗೆ ಹೊತ್ತಾದುದರಿಂದ ಉಳಿದುವನ್ನು ಬಿಟ್ಟು ಬಂದೆವು.

ಅಕ್ಕನ ಮನೆಯೂ ಹಿಂದಿನಂತೆ ಉಳಿದಿಲ್ಲ. ಅಡಿಗೆ ಗ್ಯಾಸಿನ ಒಲೆಯಲ್ಲಿ. ಜಗಲಿಯಲ್ಲಿ ಬಟ್ಟೆ ಒಗೆಯುವ ಯಂತ್ರ. ಆದರೆ ಬಚ್ಚಲುಮನೆಯ ಹಂಡೆಯ ಒಲೆ ಇನ್ನೂ ಆರಿಲ್ಲ. ಅಲ್ಲಿ ಉರಿಯುವುದು ಕಟ್ಟಿಗೆ, ಅಡಕೆಯ ಸಿಪ್ಪೆ, ತೆಂಗಿನ ಗರಿ. ಅದರ ಬೂದಿಯೇ ಅಕ್ಕನ ಭಂಡಾರ. ಪ್ರತಿ ಬೆಳಿಗ್ಗೆ ತಣ್ಣಗಾದ ಬೂದಿಯನ್ನು ಬಾಚಿ, ಜರಡಿಹಿಡಿದು, ಇದ್ದಿಲ ಚೂರನ್ನೂ ಮರಳನ್ನೂ ಬೇರ್ಪಡಿಸಿ, ಹಳೆಯ ತಗಡಿನ ಡಬ್ಬಿಯಲ್ಲಿ ತುಂಬಿಡುವರು. ನಮ್ಮ ಅಳಿಯ ಒಮ್ಮೆ ಬೆಂಕಿ ಹೊತ್ತಿಸುವುದಕ್ಕೆ ಪ್ಲಾಸ್ಟಿಕ್ ಚೀಲವೊಂದನ್ನು ಒಲೆಗೆ ಹಾಕಿದನೆಂದು ಆ ದಿನದ ಬೂದಿಯನ್ನು ಪೂರ್ತಿಯಾಗಿ ಗುಂಡಿಗೆ ಸುರಿಸಿದರಂತೆ. "ಊಟ ಮಾಡುವ ತಟ್ಟೆಗೆ ಆ ವಿಷ ಹಚ್ಚಲೇನೋ?" ಎಂದು ಆತನನ್ನು ಗದರಿದ ಬಗೆಯನ್ನು ಆತನೇ ನಗುತ್ತ ನಮಗೆ ಹೇಳಿದನು.

ಜಿಡ್ಡಿನ ಪಾತ್ರೆಗೆ ಬೂದಿ, ಕಿಲುಬಿಗೆ ಹುಳಿ: ಇದು ಅಕ್ಕನ ಶಾಸ್ತ್ರದ ಮೊದಲ ಸೂತ್ರ. ಬೂದಿಯಲ್ಲಿ ಕ್ಷಾರವಿದೆ, ಅದು ಜಿಡ್ಡಿನೊಡನೆ ಸೇರಿದಾಗ ಅಲ್ಲಿಯೇ ಒಂದಿಷ್ಟು ಸಾಬೂನು ಹುಟ್ಟಿದಂತಾಗುತ್ತದೆ. ತಾಮ್ರದ ಮೇಲಣ ಕಪ್ಪಾದರೋ ಹುಳಿಗೆ ಕರಗುವಂಥದು. ಸಾರಿಗೆ ಕಿವುಚಿ ಹಿಂಡಿದ ಹುಣಸೆಯ ಹಿಪ್ಪೆ, ಪಾನಕಕ್ಕೆ ಹಿಂಡಿದ ನಿಂಬೆಯ ಹೋಳು, ಹುಳಿ ಮಿಕ್ಕಿದ ಮಜ್ಜಿಗೆ, ಇವುಗಳಲ್ಲಿ ಯಾವುದನ್ನೂ ಅವರು ಎಸೆಯುವುದಿಲ್ಲ. ಹಿಪ್ಪೆಗೆ ಒಂದು ಚಿಟಿಕೆ ಉಪ್ಪನ್ನು ಸೇರಿಸಿ ತಾಮ್ರದ ಚೊಂಬಿಗೆ ಉಜ್ಜಿದರೆ ನಾವು ಒಂದು ಶ್ಲೋಕವನ್ನು ಹೇಳಿ ಮುಗಿಸುವಷ್ಟರಲ್ಲಿ ಅದು ಹೊಸ ಕಾಸಿನಂತಾಗುವುದು. ಬೂದಿಯನ್ನೂ ಹುಳಿಯನ್ನೂ ಮಾತ್ರ ಒಟ್ಟಿಗೆ ಬೆರಸಕೂಡದು. ಒಂದರ ಬಲವನ್ನು ಇನ್ನೊಂದು ನುಂಗಿಬಿಡುವುದು. (ಅಡಿಗೆಯ ಸೋಡಕ್ಕೆ ನಿಂಬೆರಸವನ್ನು ಸುರಿದು, ಬುಸ್ಸೆಂದು ಉಕ್ಕುವುದನ್ನು ಕಂಡು ಸಂತೋಷಪಡುವ ನವೀನರು ಇದನ್ನು ಗಮನಿಸಬೇಕು.) ಕಲಾಯಿ ಹಾಕಿದ ಪಾತ್ರೆಯ ಒಳಮೈಗೆ ಹುಳಿ ತಾಗಿಸಬಾರದು, ಅಲ್ಯೂಮಿನಿಯಂ ಪಾತ್ರೆಗೆ ಬೂದಿಯೂ ಬೇಡ, ಹುಳಿಯೂ ಬೇಡ. ತಿಕ್ಕುವುದಕ್ಕೆ ತೆಂಗಿನ ನಾರಿನ ಉಂಡೆ. ಅದು ಸವೆದರೆ ತೆಂಗಿನ ಬುಡಕ್ಕೇ ಹಿಂದಿರುಗುವುದು. ಅಕ್ಕಿ ತೊಳೆದ ಅಕ್ಕಚ್ಚು ಮೊದಲು ಹಸುವಿಗೆ. ಹಸು ಬಿಟ್ಟದ್ದರಲ್ಲಿ ಗಾಜಿನ ಲೋಟಗಳು ತೊಳೆಯಲ್ಪಡುವುವು.

ಇದನ್ನೆಲ್ಲ ನೋಡುತ್ತ ನಮಗೆ ಮನುಸ್ಮೃತಿಯ ಐದನೆಯ ಅಧ್ಯಾಯ ನೆನಪಾಯಿತು. ಆ ಗ್ರಂಥದ ಮಾತುಗಳನ್ನೆಲ್ಲ ಶಿರಸಾ ವಹಿಸತಕ್ಕವರು ನಾವಲ್ಲ; ಆದರೆ ದ್ರವ್ಯಶುದ್ಧಿಯ ಪ್ರಕರಣವನ್ನು ಬರೆದವನ ಮನೆಯಲ್ಲಿ ನಮ್ಮ ಅಕ್ಕನಂಥವರೊಬ್ಬರು ಇದ್ದಿರಬೇಕು. ತಾಮ್ರ, ಕಬ್ಬಿಣ, ಕಂಚು, ಹಿತ್ತಾಳೆ, ತವರ, ಸೀಸಗಳಿಗೆ ಯಥಾಯೋಗ್ಯವಾಗಿ ಕ್ಷಾರ, ಆಮ್ಲ, ಜಲಗಳನ್ನು ಅಲ್ಲಿ ವಿಧಿಸಿದೆ. ರೇಷ್ಮೆಗೂ ಉಣ್ಣೆಗೂ ಊಷ, ಎಂದರೆ ಚೌಳುಮಣ್ಣು. ಕಂಬಳಿಗೆ ಅರಿಷ್ಟಕ, ಎಂದರೆ ಇದೇ ಅಂಟುವಾಳ. ನಾರುಮಡಿಗೆ ಬಿಳಿಯ ಸಾಸಿವೆ. ಈ ಪ್ರಕರಣವನ್ನು ಓದುವಾಗ ಮಡಿಮೈಲಿಗೆಗಳ ವಿಚಾರವೆಂದು ನಾವು ಬೇಗಬೇಗ ಪುಟ ತಿರುಗಿಸಿಬಿಟ್ಟಿದ್ದೆವು.

ಅಕ್ಕ ಬಚ್ಚಲ ಹಿಂದಕ್ಕೆ ನಮ್ಮನ್ನು ಕರೆದೊಯ್ದರು. ಮುಸುರೆಯ ನೀರು ಒಂದು ಕಲ್ಲುದೋಣಿಯಿಂದ ಇಳಿದು ಬಾಳೆಯ ಹಿಂಡಿಗೆ, ಅಲ್ಲಿ ಇಂಗಿ ಮಿಕ್ಕದ್ದು ಕೆಸುವಿನ ಪಾತಿಗೆ, ಅಲ್ಲಿಂದ ಅಡಕೆಯ ತೋಟದ ಕಪ್ಪಿಗೆ. "ನಾನು ತೊಳೆದ ನೀರಿನಲ್ಲೇ ಬೆಳೆದ ಎಲೆಯ ಮೇಲೆ ಊಟ ಮಾಡುವವಳು. ಅದಕ್ಕೇ ಏನು ಹಾಕಿ ತೊಳೀತೇನೆ ಅಂತ ನೋಡಿಕೊಳ್ಳೋದು" ಎಂದರು. ಇದನ್ನು ಅವರು ಯಾವ ದೊಡ್ಡ ಮಾತೆಂದೂ ಹೇಳಲಿಲ್ಲ. ಬಾಳೆಯಿಂದ ಒಣಗಿದ ಎಲೆಯೊಂದನ್ನು ಕಿತ್ತು, ಒಲೆಗೆಂದು ಸುತ್ತಿಟ್ಟುಕೊಳ್ಳುತ್ತ ಹೇಳಿದರು.

ಅಂಟುವಾಳದ ಮರ ಹಿತ್ತಲ ಅಂಚಿನಲ್ಲಿದೆ. ಇದರ ಕಾಯಿಯ ಸಿಪ್ಪೆಯೇ ನೊರೆ ಕೊಡುವುದು. ಒಳಗಿನ ಕರಿಯ ಬೀಜದಿಂದ ಹಿಂದೆ ನಾವು ಗೋಲಿಯಾಡುತ್ತಿದ್ದೆವು. ಸೀಮೆಯ ಮಾರ್ಜಕಕ್ಕೂ ಇದಕ್ಕೂ ಏನು ಭೇದವೆಂಬ ನಮ್ಮ ಹಳೆಯ ಸಂದೇಹವನ್ನು ಅಲ್ಲಿ ಮತ್ತೆ ಎತ್ತಿದೆವು. ಅಕ್ಕ ಕೊಟ್ಟ ಉತ್ತರ ನಾವು ಎದುರು ನೋಡಿದ್ದಲ್ಲ. "ಇದೂ ಹೊಳೆಗೆ ಬೇಡವೇ ಬೇಡ. ಮೀನು ಸಾಯ್ತವೆ" ಎಂದರು. ಮಾತು ನಿಜ. ಅಂಟುವಾಳದ ನೊರೆಯ ಸತ್ತ್ವವು ಮೀನುಗಳ ಕಿವಿರುಗಳನ್ನು ಕೆಡಿಸುವುದು. ಇಂಥ ಕಾಯಿಗಳನ್ನು ಜಜ್ಜಿ ಮಡುವಿಗೆ ಹಾಕಿ ಮೀನು ಹಿಡಿಯುವ ಪದ್ಧತಿ ಹಲವು ಸೀಮೆಗಳಲ್ಲಿ ಇದ್ದಿತು. ತೀರ್ಥಹಳ್ಳಿಯಿಂದ ಸ್ವಲ್ಪ ದೂರದ ಚಿಬ್ಬಲಗುಡ್ಡೆಯಲ್ಲಿ, ದೇವಸ್ಥಾನದ ಮೆಟ್ಟಿಲ ಬಳಿ, ಮೊಳದುದ್ದದ ಮೀನುಗಳು ಭಕ್ತರ ಕೈಯ ಮಂಡಕ್ಕಿಗೆ ಮುತ್ತುತ್ತವೆ. ಅವನ್ನು ಯಾರೂ ಹಿಡಿಯಕೂಡದು. ಅಕ್ಕ ಅಲ್ಲಿಗೆ ಹೋದಾಗ ಕೈಯನ್ನು ಕೂಡ ಮೇಲಿನ ಮೆಟ್ಟಿಲಲ್ಲಿ, ಬೇರೆ ನೀರಿನಿಂದ ತೊಳೆದುಕೊಳ್ಳುವರು. ಗಿಡದಿಂದ ಬಂದುದೆಲ್ಲ ನಿರಪಾಯವೆಂದು ನಾವು ಬರೆಯಬೇಕೆಂದಿದ್ದ ಪುಟವೊಂದು ಅಲ್ಲಿಗೆ ಹರಿದುಹೋಯಿತು. ಅಂಟುವಾಳದ ನೀರು ಮಣ್ಣಿನಲ್ಲಿ ಇಂಗಿದರೆ ಬೇಗ ಕೊಳೆತು ಇಲ್ಲವಾಗುವುದು. ಅದರ ಜಾಗ ಬಾಳೆಯ ಬುಡವೇ ಹೊರತು ಹೊಳೆಯಲ್ಲ.

ಒಂದು ಚೀಲ ಅಂಟುವಾಳ, ಎರಡು ಡಬ್ಬಿ ಬೂದಿ, ನಾಲ್ಕು ನಾರಿನ ಉಂಡೆ, ಇಷ್ಟನ್ನು ಹೊತ್ತು ಬೆಂಗಳೂರಿಗೆ ಮರಳಿದೆವು. ನಮ್ಮ ಸೊಸೆಯೂ ಈ ನಡುವೆ ಸುಮ್ಮನಿರಲಿಲ್ಲ. ಕಿತ್ತಳೆ, ಮೂಸಂಬಿ, ನಿಂಬೆಗಳ ಸಿಪ್ಪೆಯನ್ನು ಕೊಳೆಯಿಸಿ ಮಾಡುವ ಒಂದು ದ್ರವವನ್ನು ಗೆಳತಿಯರಿಂದ ಕಲಿತಿದ್ದಳು. ಥೈಲೆಂಡಿನ ರೋಸುಕೊನ್ ಪೂಂಪನ್‌ವೊಂಗ್ ಎಂಬ ವಿದುಷಿಯು ಇದನ್ನು ಪ್ರಚಾರಕ್ಕೆ ತಂದರು. ಲೆಕ್ಕ ಸುಲಭ: ಬೆಲ್ಲ 1 ಪಾಲು, ಸಿಪ್ಪೆ 3 ಪಾಲು, ನೀರು 10 ಪಾಲು, ತೂಕದಲ್ಲಿ. ಪಾತ್ರೆಯ ಕಾಲುಭಾಗವನ್ನು ಖಾಲಿ ಬಿಟ್ಟು, ಮುಚ್ಚಿ, ನೆರಳಿನಲ್ಲಿ 3 ತಿಂಗಳು ಇಡತಕ್ಕದ್ದು. ಮೊದಲ ತಿಂಗಳು ದಿನವೂ ಮುಚ್ಚಳವನ್ನು ಒಮ್ಮೆ ಸಡಿಲಿಸಿ ಒಳಗಿನ ಗಾಳಿಯನ್ನು ಬಿಡಬೇಕು. ಬೆಲ್ಲ ಹುದುಗಿ ಮದ್ಯದಂತಾಗಿ, ಆಮೇಲೆ ಹುಳಿಯಾಗುವುದು. ಸೋಸಿದರೆ ಚಹದ ಬಣ್ಣದ, ಹುಳಿವಾಸನೆಯ ನೀರು. ಗಾಜಿನ ಶೀಶೆ ಬೇಡವೆಂದು ಸೊಸೆ ಹೇಳಿದ್ದಳು. ಮುಚ್ಚಳದ ವಿಚಾರವನ್ನೂ ಹೇಳಿದ್ದಳು. ಅವಳು ತವರಿಗೆ ಹೋಗಿದ್ದ ಐದು ದಿನ ಆ ಜವಾಬ್ದಾರಿ ನಮ್ಮದು. ಆರನೆಯ ರಾತ್ರಿ ಅಡಿಗೆಮನೆಯಲ್ಲಿ ಸಿಡಿಮದ್ದು ಸಿಡಿದಂತಾಯಿತು. ಕಿತ್ತಳೆಯ ಸಿಪ್ಪೆಯೊಂದು ಸೂರಿಗೆ ಅಂಟಿಕೊಂಡಿತ್ತು. ಉಳಿದ ವಿವರಗಳು ಬೇಡ. "ನೀವು ಪಾಠ ಹೇಳಿದ್ದೇ ಒಳ್ಳೆಯದಾಯಿತು, ಅಡಿಗೆ ಮಾಡಿದ್ದರೆ ಮನೆ ಉಳಿಯುತ್ತಿರಲಿಲ್ಲ" ಎಂದು ನಮ್ಮ ಮನೆಯವರು ಒರಸುತ್ತ ಒರಸುತ್ತ ಅಪ್ಪಣೆಕೊಡಿಸಿದರು.

ಇನ್ನೊಂದು ಅಪರಾಧವನ್ನೂ ಒಪ್ಪಿಕೊಳ್ಳಬೇಕು. ಆ ಹಿಂದಿನ ಶೀಶೆಯ ದ್ರವದಿಂದ ದೇವರ ಪೀಠದ ಅಮೃತಶಿಲೆಯನ್ನು ಹೊಳೆಯಿಸಹೊರಟೆವು. ಅಮೃತಶಿಲೆಯೆಂದರೆ ಸುಣ್ಣದ ಕಲ್ಲೇ. ಹುಳಿ ಅದನ್ನು ತಿನ್ನುತ್ತದೆ. ಅಂಗೈಯಗಲದ ಮಂಕಾದ ಕಲೆ ಇಂದಿಗೂ ಇದೆ. ಮೇಲೆ ರಂಗವಲ್ಲಿಯ ತಟ್ಟೆಯನ್ನಿಟ್ಟು ಮುಚ್ಚಿದ್ದೇವೆ. ಪಿಂಗಾಣಿಯ ನೆಲಕ್ಕೂ ನಲ್ಲಿಗೆ ಕಟ್ಟಿದ ಬಿಳಿಯ ಪೊರೆಗೂ ಬಚ್ಚಲ ಗೋಡೆಗೂ ಅದು ಒಳ್ಳೆಯದೇ: ಒಂದು ಬಾಲ್ದಿ ನೀರಿಗೆ ಒಂದು ಲೋಟ ಸಾಕು. ಆದರೆ ರೋಗಿಯು ಮಲಗಿದ್ದ ಕೋಣೆಯ ಸೋಂಕನ್ನು ಕಳೆಯುವುದಕ್ಕೆ ಇದನ್ನೇ ನಂಬಿ ಕೂರಬಾರದು. ಬ್ಲೀಚಿಂಗ್ ಪುಡಿಯೊಡನೆಯಂತೂ ಇದನ್ನಾಗಲಿ ಬೇರೆ ಯಾವ ಹುಳಿಯನ್ನಾಗಲಿ ಎಂದಿಗೂ ಬೆರಸಕೂಡದು. ಉಸಿರುಕಟ್ಟಿಸುವ ವಿಷವಾಯು ಎದ್ದು ಪ್ರಾಣಕ್ಕೇ ಸಂಚಕಾರವಾದೀತು. ಗೃಹಿಣಿಯರು ಇದೊಂದನ್ನು ಮನೆಯ ಕೆಲಸದವರಿಗೂ ಬಿಡಿಸಿ ಹೇಳತಕ್ಕದ್ದು.

ಇಷ್ಟಾದ ಮೇಲೆ ನಾವು ಪಾತ್ರೆ ತಿಕ್ಕುವಾಕೆಯ ಮುಂದೆ ನಮ್ಮ ಸಾಮಗ್ರಿಗಳನ್ನು ಸಾಲಾಗಿ ಇಟ್ಟೆವು. ಸಿಪ್ಪೆಯ ನೀರನ್ನು ಆಕೆ ಮೂಸಿ ನೋಡಿ, ಎರಡು ತಟ್ಟೆಗಳನ್ನು ತಿಕ್ಕಿ, "ಜಿಡ್ಡು ಬಿಡೋದಿಲ್ಲ ಮೇಷ್ಟ್ರೇ" ಎಂದು ಪಕ್ಕಕ್ಕಿಟ್ಟಳು. ನಿಜವಾಗಿಯೂ ಬಿಟ್ಟಿರಲಿಲ್ಲ. ಬೂದಿಯಿಂದ ಪಾತ್ರೆ ಬೆಳ್ಳಗಾಯಿತು. ಆದರೆ ತೊಟ್ಟಿಯ ಕೊಳವೆ ನಾಲ್ಕನೆಯ ದಿನ ಕಟ್ಟಿಕೊಂಡಿತು. ಮೇಲಾಗಿ ಒಡೆದ ಬೆರಳಿಗೆ ಬೂದಿಯ ಕ್ಷಾರವೂ ಉರಿಯಾಗುವುದು. ಅಕ್ಕನ ಕೈಗೆ ಒಗ್ಗಿದ್ದು ಎಲ್ಲರ ಕೈಗೂ ಒಗ್ಗಬೇಕೆಂದಿಲ್ಲ. ಕಡೆಗೆ ನಿಂತದ್ದು ಅಂಟುವಾಳ. ಸೊಸೆ ಮಾಡುವ ಕ್ರಮ ಹೀಗೆ: ಬೀಜ ತೆಗೆದ 20 ಕಾಯಿಗಳನ್ನು 1 ಲೀಟರು ನೀರಿನಲ್ಲಿ ರಾತ್ರಿ ನೆನೆಯಿಟ್ಟು, ಬೆಳಿಗ್ಗೆ ಹಿಂಡಿದ ನಿಂಬೆಯ ಹೋಳುಗಳೊಡನೆ ಕಾಲು ಗಂಟೆ ಕುದಿಸಿ, ಆರಿದ ಮೇಲೆ ಚೆನ್ನಾಗಿ ಕಿವುಚಿ, ಬಟ್ಟೆಯಲ್ಲಿ ಸೋಸುವುದು. ಹೆಚ್ಚು ದಿನ ಕೆಡದೆ ಇರದು. ತಂಪುಪೆಟ್ಟಿಗೆಯಲ್ಲಿಟ್ಟು ವಾರದೊಳಗೆ ಮುಗಿಸಬೇಕು. ಕಣ್ಣಿಗೆ ಹಾರಿದರೆ ಬಹಳ ಉರಿ. ನೊರೆ ಅಂಗಡಿಯದರಷ್ಟು ಬಾರದು. ಕರಿದ ಬಾಣಲೆಯನ್ನು ಮೊದಲು ಕಡಲೆಹಿಟ್ಟಿನ ಜರಡಿಯ ತರಿಯಿಂದಲೋ ಕಾಫಿಯ ಗಸಿಯಿಂದಲೋ ಒರಸಿ ತೆಗೆಯಬೇಕು. ಆಕೆ ಒಂದು ವಾರ ಪರೀಕ್ಷಿಸಿ, "ಇದು ಪರವಾಗಿಲ್ಲ" ಎಂದಳು. ನಮಗೆ ಪರೀಕ್ಷೆಯಲ್ಲಿ ತೇರ್ಗಡೆಯಾದಂತಾಯಿತು.

ತೊಳೆದ ನೀರಿನ ಮಾತು ಉಳಿಯಿತು. ಬಾಡಿಗೆಯ ಮನೆಯಲ್ಲಿ ಕೊಳವೆಯನ್ನು ತಿರುಗಿಸುವಂತಿಲ್ಲ, ಹಿತ್ತಲಿಲ್ಲ. ಈಗ ತೊಟ್ಟಿಯಲ್ಲಿ ಒಂದು ಬೋಗುಣಿಯನ್ನು ಇಟ್ಟಿದ್ದೇವೆ. ಮೊದಲನೆಯ ಜಾಲಿಸುವಿಕೆಯ ನೀರನ್ನು ಅದರಲ್ಲಿ ಹಿಡಿದು, ಬಾಲ್ದಿಗೆ ತುಂಬಿ, ಮನೆಯ ಮುಂದಣ ರಸ್ತೆಯ ಹೊಂಗೆಯ ಮರಕ್ಕೆ ಹೊಯ್ಯುವುದು ನಮ್ಮ ಕೆಲಸ. ನೆರೆಯವರು ಮೊದಮೊದಲು ವಿಚಿತ್ರವಾಗಿ ನೋಡುತ್ತಿದ್ದರು. ದಿನಕ್ಕೆ ಮೂರು ಬಾಲ್ದಿ. ಕಾಲುವೆಗೆ ಇದರಿಂದ ಎಷ್ಟು ಕಡಮೆಯಾಯಿತೆಂದು ಕೇಳಿದರೆ ನಮಗೂ ನಗು ಬರುವುದು.

ಹೋದ ಭಾನುವಾರ ಅಕ್ಕ ದೂರವಾಣಿಯಲ್ಲಿ ಮಾತಾಡಿದರು. ಕಣ್ಣಿನ ವಿಚಾರವನ್ನು ನಾವು ಕೇಳುವುದಕ್ಕೆ ಮೊದಲೇ "ಆ ಹುಡುಗಿಯ ಕೈ ಹೇಗಿದೆಯೋ?" ಎಂದರು. ಹಾಗೆಯೇ ಇದೆ ಎಂದೆವು. ಆಕೆ ತಿಕ್ಕುವುದು ದಿನಕ್ಕೆ 5 ಮನೆಗಳಲ್ಲಿ, ಅದರಲ್ಲಿ ನಮ್ಮದೊಂದು. ಉಳಿದ ನಾಲ್ಕು ಮನೆಗಳಲ್ಲಿ ಹಳೆಯದೇ. ಅಕ್ಕ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, ಈ ವರ್ಷ ಮರದಲ್ಲಿ ಕಾಯಿ ಚೆನ್ನಾಗಿ ಹಿಡಿದಿದೆಯೆಂದೂ, ಅಳಿಯನ ಕೈಯಲ್ಲಿ ಬೆಂಗಳೂರಿನ ಬಸ್ಸಿಗೆ ಎರಡು ಚೀಲ ಹಾಕಿಸುವುದಾಗಿಯೂ ಹೇಳಿದರು. ನಿನ್ನೆ ಬೆಳಿಗ್ಗೆ ಚೀಲಗಳು ಬಂದುವು. ಪಾತ್ರೆ ತಿಕ್ಕಿ ಮುಗಿಸಿದಾಕೆ ಸೆರಗಿಗೆ ಕೈ ಒರಸಿಕೊಂಡು, ಅವುಗಳಲ್ಲಿ ಒಂದನ್ನು ಬಿಚ್ಚಿ ನೋಡಿ, ಎದುರು ಮನೆಯ ಅಮ್ಮನಿಗೆ ಒಂದು ಶೀಶೆ ಮಾಡಿ ಕೊಡುವಿರಾ ಎಂದು ಸೊಸೆಯನ್ನು ಕೇಳುತ್ತಿದ್ದಳು.